ಪಾಕೆಟ್‌ನಿಂದ ತೆಗೆದ 6,214 ಲಿಂಕ್ ಹೊಸ ಆ್ಯಪ್‌ಗೆ ಹಾಕಿದ್ರೆ ಎಲ್ಲಾ 1970ರ ಜನವರಿ! ಸರಿಯಾಗಿ ಸಾಗಿಸೋದು ಹೇಗೆ?

ಜೋಳಿಗೆ_ಜಯನಗರ
ಪಾಕೆಟ್ (ಲಿಂಕ್ ಉಳಿಸಿಟ್ಟು ಆಮೇಲೆ ಓದೋ ಸೇವೆ) ಬಾಗಿಲು ಹಾಕೋ ಮುಂಚೆ ತೆಗೆದಿಟ್ಟ ಎಕ್ಸ್‌ಪೋರ್ಟ್ ಜಿಪ್ ಇದೆ. ಒಳಗೆ ಸಿಎಸ್‌ವಿ (ಕಾಲಂಗಳ ನಡುವೆ ಕಾಮಾ ಇರೋ ಪಟ್ಟಿ ಫೈಲ್), 6,214 ಸಾಲು, ಐದು ಕಾಲಂ: ಟೈಟಲ್, ಯುಆರ್‌ಎಲ್, ಟೈಮ್ ಆಡೆಡ್, ಟ್ಯಾಗ್ಸ್, ಸ್ಟೇಟಸ್. ಹೆಚ್ಚುಕಡಿಮೆ ಅರ್ಧ ಕನ್ನಡ ಲೇಖನಗಳು. ಹೊಸದೊಂದು ಆ್ಯಪ್‌ಗೆ ಇಂಪೋರ್ಟ್ ಕೊಟ್ಟಾಗ ಆಗಿದ್ದು ಇಷ್ಟು (ಆ್ಯಪ್ ಹೆಸರು ಬೇಡ, ಅದರ ಮೇಲೇ ಜಗಳ ಶುರುವಾಗುತ್ತೆ):

ದಿನಾಂಕ ಎಲ್ಲಾ 1970ರ ಜನವರಿ. ಮೂರು ಟ್ಯಾಗ್ ಇದ್ದ ಲೇಖನಕ್ಕೆ ಈಗ ಒಂದೇ ಉದ್ದನೆ ಟ್ಯಾಗ್. ಕನ್ನಡ ಶೀರ್ಷಿಕೆಗಳು ಕಸ. ಓದಿ ಮುಗಿಸಿ ಆರ್ಕೈವ್ ಮಾಡಿದ್ದೆಲ್ಲ ‘ಓದಿಲ್ಲ’ ಪಟ್ಟಿಗೆ ಬಂದು ಕೂತಿವೆ. ಸುಮಾರು ಲೇಖನ ಖಾಲಿ, ಶೀರ್ಷಿಕೆ ಮಾತ್ರ.

ಮೂಲ ಜಿಪ್ ಹಾಗೇ ಇದೆ. ಮೊದಲಿಂದ ಮಾಡೋಕೆ ತಯಾರು. ಯಾವ ಆ್ಯಪ್ ಅನ್ನೋದಕ್ಕಿಂತ ಯಾವ ಕ್ರಮದಲ್ಲಿ ಮಾಡ್ಬೇಕು ಅನ್ನೋದು ಹೇಳಿ ಪ್ಲೀಸ್.

ಬಸವನಗುಡಿ_ಬೈಟ್
ಇಂಪೋರ್ಟ್ ಆಗಿರೋದನ್ನ ಪೂರ್ತಿ ಅಳಿಸಿ. ಅದರ ಮೇಲೇ ಇನ್ನೊಂದ್ಸಲ ಹಾಕ್ಬೇಡಿ. ಬಹಳಷ್ಟು ಆ್ಯಪ್ ಯುಆರ್‌ಎಲ್ ಈಗಾಗಲೇ ಇದ್ರೆ ಆ ಸಾಲನ್ನ ಬಿಟ್ಟು ಮುಂದೆ ಹೋಗುತ್ತೆ, ನೀವು ಸರಿ ಮಾಡಿದ ದಿನಾಂಕ ಒಳಗೆ ಹೋಗೋದೇ ಇಲ್ಲ. ಆಮೇಲೆ ‘ಸರಿ ಮಾಡಿದ್ರೂ ಬರ್ತಿಲ್ಲ’ ಅಂತ ಇಲ್ಲೇ ಬಂದು ಕೇಳ್ತೀರ.

ಪೀಣ್ಯ_ಪೈಥಾನ್
1970 ಅಂದ ತಕ್ಷಣ ರೋಗ ಗೊತ್ತಾಯ್ತು. ಆ ಟೈಮ್ ಆಡೆಡ್ ಕಾಲಂನಲ್ಲಿರೋದು ಯೂನಿಕ್ಸ್ ಟೈಮ್: 1970ರ ಜನವರಿ 1ರಿಂದ ಎಣಿಸಿದ ಸೆಕೆಂಡ್. ನಿಮ್ಮ ಆ್ಯಪ್ ಅದನ್ನ ಮಿಲಿಸೆಕೆಂಡ್ ಅಂತ ಓದಿದೆ. ಉದಾಹರಣೆಗೆ 1500000000. ಸೆಕೆಂಡ್ ಅಂತ ಓದಿದ್ರೆ 2017ರ ಜುಲೈ 14, ನಮ್ಮ ಗಡಿಯಾರದಲ್ಲಿ ಬೆಳಿಗ್ಗೆ 8:10. ಮಿಲಿಸೆಕೆಂಡ್ ಅಂತ ಓದಿದ್ರೆ 17 ದಿನ ಚಿಲ್ಲರೆ ಅಷ್ಟೇ, ಅಂದ್ರೆ 1970ರ ಜನವರಿ 18. ಈ ಸೇವೆ ಶುರುವಾಗಿದ್ದು 2007ರಲ್ಲಿ, ‘ರೀಡ್ ಇಟ್ ಲೇಟರ್’ ಅನ್ನೋ ಹೆಸರಲ್ಲಿ. ಅಲ್ಲಿಂದ 2025ರ ತನಕ ಏನೇ ಉಳಿಸಿದ್ರೂ ಈ ತಪ್ಪಲ್ಲಿ ಜನವರಿ 14ರಿಂದ 21ರೊಳಗೇ ಬೀಳುತ್ತೆ. ನಿಮ್ಮ ಪಟ್ಟಿ ನೋಡಿ, ಆ ವಾರ ಬಿಟ್ಟು ಬೇರೆ ದಿನ ಇರಲ್ಲ.

ಪರಿಹಾರ: ಆ ಕಾಲಂನ 1,000ದಿಂದ ಗುಣಿಸಿ ಕೊಡಿ. ಇಲ್ಲಾ ಆ್ಯಪ್ ಸಾದಾ ದಿನಾಂಕ ಕೇಳುತ್ತೆ ಅಂದ್ರೆ ಸ್ಪ್ರೆಡ್‌ಶೀಟ್‌ನಲ್ಲಿ ಸೆಕೆಂಡ್‌ಗೆ 19,800 ಕೂಡಿ, 86,400ರಿಂದ ಭಾಗಿಸಿ, ಬಂದಿದ್ದಕ್ಕೆ 25,569 ಕೂಡಿ, ಆ ಸೆಲ್‌ಗೆ ದಿನಾಂಕದ ಫಾರ್ಮ್ಯಾಟ್ ಕೊಡಿ. 19,800 ಅಂದ್ರೆ ಐದೂವರೆ ಗಂಟೆ, ಗ್ರೀನ್‌ವಿಚ್‌ಗೂ ನಮಗೂ ಇರೋ ಅಂತರ. 25,569 ಅಂದ್ರೆ ಸ್ಪ್ರೆಡ್‌ಶೀಟ್ ಲೆಕ್ಕದಲ್ಲಿ 1970ರ ಜನವರಿ 1.

ಹೆಬ್ಬಾಳದ_ಹೊಗೆ
19,800 ಕೂಡಿಸೋದು ಎಲ್ಲಾ ಕಡೆ ಸರಿಯಲ್ಲ. ಆ್ಯಪ್ ಯುಟಿಸಿ, ಅಂದ್ರೆ ಗ್ರೀನ್‌ವಿಚ್ ಸಮಯ ಕೇಳ್ತಿದ್ರೆ, ಅದೇ ತೋರಿಸುವಾಗ ಐದೂವರೆ ಗಂಟೆ ಸೇರಿಸುತ್ತೆ. ನೀವೂ ಸೇರಿಸಿದ್ರೆ ಒಟ್ಟು ಹನ್ನೊಂದು ಗಂಟೆ ಆಗಿ, ನಮ್ಮ ನಿಜ ಸಮಯಕ್ಕಿಂತ ಐದೂವರೆ ಗಂಟೆ ಮುಂದೆ ಹೋಗುತ್ತೆ. ರಾತ್ರಿ ಉಳಿಸಿದ್ದು ಮಾರನೇ ದಿನದ ಲೆಕ್ಕಕ್ಕೆ ಬೀಳುತ್ತೆ.

ಪೀಣ್ಯ_ಪೈಥಾನ್
ಒಪ್ಪಿದೆ. ಕೊನೇಲಿ ಝಡ್ ಅಕ್ಷರ (ಯುಟಿಸಿ ಅನ್ನೋ ಗುರುತು) ಇರೋ ಐಎಸ್‌ಒ ದಿನಾಂಕ ಬರೆಯೋದಾದ್ರೆ 19,800 ಬೇಡ. ಸಮಯವಲಯದ ಮಾತೇ ಇಲ್ಲದ ಸಾದಾ ದಿನಾಂಕಕ್ಕೆ ಮಾತ್ರ ಕೂಡಿ.

ಓದದೇ_ಇಟ್ಟವಳು
6,214ರಲ್ಲಿ ಎಷ್ಟು ಓದ್ತೀರಾ ನಿಜ ಹೇಳಿ 😄

ಜೋಳಿಗೆ_ಜಯನಗರ
@ಓದದೇ_ಇಟ್ಟವಳು ನಿಮ್ಮ ಹೆಸರು ನೋಡ್ಕೊಂಡು ಕೇಳಿ ಮೇಡಂ.

ಒತ್ತಕ್ಷರ
ಶೀರ್ಷಿಕೆ ಕಸ ಆಗಿದ್ದು ಆ್ಯಪ್‌ನಿಂದ ಇರಲಿಕ್ಕಿಲ್ಲ. ನಡುವೆ ಫೈಲನ್ನ ಎಕ್ಸೆಲ್‌ನಲ್ಲಿ ಡಬಲ್ ಕ್ಲಿಕ್ ಮಾಡಿ ತೆಗೆದು ಸೇವ್ ಮಾಡಿದ್ರಾ? ಫೈಲ್ ತಲೆಯಲ್ಲಿ ಬಾಮ್ ಅನ್ನೋ ಮೂರು ಬೈಟ್ ಗುರುತು ಇಲ್ಲದಿದ್ರೆ ವಿಂಡೋಸ್‌ನ ಎಕ್ಸೆಲ್ ಅದನ್ನ ಯುಟಿಎಫ್-8 (ಎಲ್ಲಾ ಲಿಪಿಗೂ ಆಗೋ ಈಗಿನ ಎನ್‌ಕೋಡಿಂಗ್) ಅಂತ ತಿಳ್ಕೊಳ್ಳದೆ ಹಳೇ ವಿಂಡೋಸ್ ಎನ್‌ಕೋಡಿಂಗ್‌ನಲ್ಲಿ ಓದುತ್ತೆ. ಕನ್ನಡದ ‘ಕ’ ಯುಟಿಎಫ್-8ನಲ್ಲಿ ಮೂರು ಬೈಟ್. ಅದು ಪರದೆ ಮೇಲೆ ಮೂರು ತುಂಡಾಗಿ ಕಾಣುತ್ತೆ: ತಲೆ ಮೇಲೆ ಗೆರೆ ಇರೋ ಇಂಗ್ಲಿಷ್ ಎ, ಒಂದು ಪುಟಾಣಿ 2, ಒಂದು ದಪ್ಪ ಚುಕ್ಕೆ. ನಿಮ್ಮ ಕಸ ಇದೇ ಥರ ಇದ್ಯಾ?

ಜೋಳಿಗೆ_ಜಯನಗರ
@ಒತ್ತಕ್ಷರ ಸಾಲು ತುಂಬಾ ಅದೇ ಎ, ಅದೇ ಪುಟಾಣಿ 2. ಹೌದು, ಎಕ್ಸೆಲ್‌ನಲ್ಲಿ ತೆಗೆದು ಸೇವ್ ಮಾಡಿದ್ದೆ. ಆ ಫೈಲನ್ನೇ ರಿಪೇರಿ ಮಾಡ್ಬಹುದಾ? ಟ್ಯಾಗ್ ಒಂದಷ್ಟು ಅದರಲ್ಲೇ ತಿದ್ದಿದ್ದೆ.

ಒತ್ತಕ್ಷರ
ಮಾಡ್ಬಹುದು, ಆದ್ರೆ ಕನ್ನಡಕ್ಕೆ ಅದು ನಂಬೋ ದಾರಿ ಅಲ್ಲ. ಕಾರಣ ಹೇಳ್ತೀನಿ. ನಮ್ಮ ಅರ್ಧಾಕ್ಷರದ ಗುರುತು, ಅಂದ್ರೆ ‘ಕ್’ನಲ್ಲಿ ಕ ಮೇಲೆ ಕೂರೋದು, ಅದರ ಮೂರನೇ ಬೈಟ್ ಹೆಕ್ಸ್‌ನಲ್ಲಿ 8ಡಿ. ವಿಂಡೋಸ್-1252, ಅಂದ್ರೆ ಆ ಹಳೇ ಎನ್‌ಕೋಡಿಂಗ್‌ನ ಪಟ್ಟಿಯಲ್ಲಿ ಆ ಜಾಗ ಖಾಲಿ, ಅಲ್ಲಿ ಅಕ್ಷರವೇ ಇಲ್ಲ. ಹಾಗಾಗಿ ಕೆಲವು ಪ್ರೋಗ್ರಾಂ ಅದನ್ನ ನುಂಗುತ್ತೆ, ಕೆಲವು ಪ್ರಶ್ನಾರ್ಥಕ ಹಾಕುತ್ತೆ. ಉಲ್ಟಾ ಮಾಡಿ ತಂದಾಗ ‘ಕನ್ನಡ’ ಹೋಗಿ ‘ಕನನಡ’ ಬರುತ್ತೆ, ಒತ್ತುಗಳೆಲ್ಲ ಉದುರಿರುತ್ತೆ. 3,000 ಶೀರ್ಷಿಕೆಗೆ ಕೈಯಲ್ಲಿ ಒತ್ತು ಹಾಕ್ತೀರಾ?

ಮೂಲ ಜಿಪ್‌ನಿಂದ ಮತ್ತೆ ಸಿಎಸ್‌ವಿ ತೆಗೀರಿ. ತಿದ್ದಿದ ಟ್ಯಾಗ್ ಮಾತ್ರ ಆ ಹಾಳಾದ ಫೈಲ್‌ನಿಂದ ಯುಆರ್‌ಎಲ್ ಹೊಂದಿಸಿ ವಿ-ಲುಕಪ್ ಅನ್ನೋ ಸ್ಪ್ರೆಡ್‌ಶೀಟ್ ಸೂತ್ರದಲ್ಲಿ ಎಳ್ಕೊಳ್ಳಿ. ಆದ್ರೆ ಟ್ಯಾಗ್‌ಗಳೂ ಕನ್ನಡದಲ್ಲಿದ್ರೆ ಅವೂ ಹೋಗಿವೆ ಅಂತಲೇ ಲೆಕ್ಕ.

ಎಕ್ಸೆಲ್ಲೇ ಬೇಕು ಅಂದ್ರೆ ಡಬಲ್ ಕ್ಲಿಕ್ ಬೇಡ. ಖಾಲಿ ಶೀಟ್ ತೆಗೆದು ‘ಡೇಟಾ’ ಮೆನುವಿನಲ್ಲಿ ‘ಫ್ರಂ ಟೆಕ್ಸ್ಟ್/ಸಿಎಸ್‌ವಿ’, ಅಲ್ಲಿ ಫೈಲ್ ಆರಿಜಿನ್ 65001 ಆರಿಸಿ, ಅದೇ ಯುಟಿಎಫ್-8. ಲಿಬ್ರೆ ಆಫೀಸ್ ಇದಕ್ಕಿಂತ ಆರಾಮ: ತೆರೆಯುವಾಗಲೇ ಎನ್‌ಕೋಡಿಂಗ್ ಕೇಳುತ್ತೆ, ಕಾಲಂಗಳನ್ನ ‘ಟೆಕ್ಸ್ಟ್’ ಅಂತ ಗುರುತು ಮಾಡೋಕೂ ಅಲ್ಲೇ ಜಾಗ. ಟೆಕ್ಸ್ಟ್ ಮಾಡದಿದ್ರೆ ‘ಈಕ್ವಲ್ ಟು’ ಗುರುತಿನಿಂದ ಶುರುವಾಗೋ ಶೀರ್ಷಿಕೆ ಸೂತ್ರ ಆಗಿಬಿಡೋ ಅಪಾಯ ಇದೆ. ಉಳಿಸುವಾಗ ‘ಎಲ್ಲಾ ಪಠ್ಯ ಸೆಲ್‌ಗೂ ಉದ್ಧರಣ ಚಿಹ್ನೆ’ ಅನ್ನೋದಕ್ಕೆ ಟಿಕ್ ಹಾಕಿ.

ಪೀಣ್ಯ_ಪೈಥಾನ್
ಇದಕ್ಕೊಂದು ಬಾಲ. ಎಕ್ಸೆಲ್‌ನಲ್ಲಿ ‘ಸಿಎಸ್‌ವಿ ಯುಟಿಎಫ್-8’ ಅಂತ ಸೇವ್ ಮಾಡಿದ್ರೆ ಅದು ಬಾಮ್ ಸೇರಿಸುತ್ತೆ. ಕೆಲವು ಇಂಪೋರ್ಟರ್ ಆ ಮೂರು ಬೈಟನ್ನ ಮೊದಲ ಕಾಲಂ ಹೆಸರಿನ ಭಾಗ ಅಂತ ಓದಿ ‘ಟೈಟಲ್ ಕಾಲಂ ಇಲ್ಲ’ ಅನ್ನುತ್ತೆ. ಕಣ್ಣಿಗೆ ಟೈಟಲ್ ಅಂತಲೇ ಕಾಣ್ತಿರುತ್ತೆ, ತಲೆ ಕೆಡುತ್ತೆ. ನೋಟ್‌ಪ್ಯಾಡ್ ಪ್ಲಸ್ ಪ್ಲಸ್‌ನಲ್ಲಿ ತೆಗೆದು ಎನ್‌ಕೋಡಿಂಗ್ ಮೆನುವಿನಲ್ಲಿ ಬಾಮ್ ಇಲ್ಲದ ಯುಟಿಎಫ್-8ಗೆ ಬದಲಿಸಿ.

ಕುಡ್ಲದ_ಕಡಲು
ಟ್ಯಾಗ್ ವಿಷಯ ಯಾರೂ ಹೇಳಿಲ್ಲ ಮಾರ್ರೆ. ಪಾಕೆಟ್ ಫೈಲಲ್ಲಿ ಟ್ಯಾಗ್‌ಗಳ ನಡುವೆ ಪೈಪ್ ಗುರುತು | ಇರ್ತದೆ. ರೈನ್‌ಡ್ರಾಪ್ ಥರದ ಬುಕ್‌ಮಾರ್ಕ್ ಆ್ಯಪ್‌ಗಳು ಕಾಮಾ ಕೇಳ್ತವೆ. ಹಾಗಾಗಿ ‘ಅಡುಗೆ|ಮಳೆಗಾಲ|ಅಜ್ಜಿ’ ಅನ್ನುವುದು ಒಂದೇ ಟ್ಯಾಗ್ ಆಗಿ ಕೂತದ್ದು. ಫೈಂಡ್-ರೀಪ್ಲೇಸ್ ಹಾಕಿ ಕಾಮಾ ಮಾಡಿ, ಮುಗೀತು.

ಬಸವನಗುಡಿ_ಬೈಟ್
ಮುಗಿಯಲ್ಲ, ಶುರುವಾಗುತ್ತೆ! ಪತ್ರಿಕೆಗಳ ವೆಬ್ ಪುಟದ ಶೀರ್ಷಿಕೆ ನೋಡಿ, ಸುದ್ದಿ ತಲೆಬರಹ, ಆಮೇಲೆ ಪೈಪ್, ಆಮೇಲೆ ಪತ್ರಿಕೆ ಹೆಸರು. ಇಡೀ ಫೈಲ್‌ಗೆ ರೀಪ್ಲೇಸ್ ಕೊಟ್ರೆ ಶೀರ್ಷಿಕೆ ಒಳಗಿನ ಪೈಪ್ ಕೂಡ ಕಾಮಾ ಆಗುತ್ತೆ. ಶೀರ್ಷಿಕೆಗೆ ಉದ್ಧರಣ ಚಿಹ್ನೆ ಇಲ್ಲದಿದ್ರೆ ಆ ಕಾಮಾ ಹೊಸ ಕಾಲಂ ಹುಟ್ಟಿಸುತ್ತೆ, ಯುಆರ್‌ಎಲ್ ಬಲಕ್ಕೆ ಜಾರಿ ಟೈಮ್ ಜಾಗಕ್ಕೆ ಹೋಗಿ ಕೂರುತ್ತೆ. ಟ್ಯಾಗ್ಸ್ ಕಾಲಂ ಒಂದನ್ನೇ ಸೆಲೆಕ್ಟ್ ಮಾಡಿ ಅದರೊಳಗೆ ಮಾತ್ರ ಬದಲಿಸಿ. ಅದಕ್ಕೂ ಮುಂಚೆ ಟ್ಯಾಗ್ ಹೆಸರೊಳಗೇ ಕಾಮಾ ಇದ್ಯಾ ಹುಡುಕಿ, ಇದ್ರೆ ಅದನ್ನ ಅಡ್ಡಗೆರೆ ಮಾಡಿ.

ಕುಡ್ಲದ_ಕಡಲು
ಹೌದಲ್ಲ, ಅದು ಹೊಳೆದೇ ಇಲ್ಲ. ತಿದ್ದಿಕೊಂಡೆ: ಟ್ಯಾಗ್ಸ್ ಕಾಲಂ ಮಾತ್ರ.

ಧಾರವಾಡ_ಪೇಡೆ
ಅಲ್ರೀ, ಇಷ್ಟೆಲ್ಲ ಯಾಕ? ದಿನಾಂಕ ತಗೊಳ್ಳದ ಆ್ಯಪೂ ಭಾಳ ಅದಾವ. ಏನ್ ಕೊಟ್ರೂ ಇವತ್ತಿನ ತಾರೀಖೇ ಹಾಕ್ತಾವ. ಅದಕ್ಕ ಎರಡು ಉಪಾಯ. ಒಂದು, ಟೈಮ್ ಕಾಲಂ ಪ್ರಕಾರ ಹಳೇದು ಮ್ಯಾಲೆ ಬರೂಹಂಗ ಸಾರ್ಟ್ ಮಾಡಿ ಇಂಪೋರ್ಟ್ ಕೊಡ್ರಿ. ಸಾಲು ಒಂದರ ಹಿಂದ ಒಂದು ಒಳಗ ಹೋಗ್ತದ, ಕೊನೀಗೆ ಹೋದದ್ದು ಹೊಸದು. ತಾರೀಖು ಸುಳ್ಳಿದ್ರೂ ಸರದಿ ಖರೇ ಇರ್ತದ. ಎರಡು, ಪ್ರತಿ ಸಾಲಿಗೂ ವರ್ಷಾನ ಟ್ಯಾಗ್ ಮಾಡ್ರಿ: ‘2013’, ‘2019’ ಹಿಂಗ. ನಾಳೆ ಈ ಆ್ಯಪೂ ಮುಚ್ಚಿತು ಅಂದ್ರ ಟ್ಯಾಗ್ ಜೊತಿಗೇ ಬರ್ತದ.

ಹೆಬ್ಬಾಳದ_ಹೊಗೆ
ವರ್ಷದ ಟ್ಯಾಗ್ ಒಳ್ಳೇ ಐಡಿಯಾ. ಮೊದಲನೇದು ಮಾತ್ರ ಹುಷಾರು: ಇಂಪೋರ್ಟ್ ಹಿನ್ನೆಲೆಯಲ್ಲಿ ನಾಲ್ಕಾರು ಕೆಲಸಗಾರ ಪ್ರಕ್ರಿಯೆಗಳಿಗೆ ಹಂಚಿ ನಡೆಯೋ ಆ್ಯಪ್‌ನಲ್ಲಿ ಸರದಿ ಉಳಿಯಲ್ಲ. ಸಾರ್ಟ್ ಮಾಡಿದ ಮೇಲೆ 200-200 ಸಾಲಿನ ತುಂಡು ಮಾಡಿ, ಒಂದು ಮುಗಿದ ಮೇಲೆ ಇನ್ನೊಂದು ಕೊಡಿ.

ಜೋಳಿಗೆ_ಜಯನಗರ
ಆರ್ಕೈವ್ ಸಮಸ್ಯೆ? ಸ್ಟೇಟಸ್ ಕಾಲಂನಲ್ಲಿ ‘ಅನ್‌ರೆಡ್’, ‘ಆರ್ಕೈವ್’ ಅಂತ ಸರಿಯಾಗೇ ಇದೆ.

ಬಸವನಗುಡಿ_ಬೈಟ್
ಆ ಕಾಲಂ ಗುರುತಿಸದ ಆ್ಯಪ್‌ಗೆ ಫೈಲನ್ನೇ ಎರಡು ಮಾಡಿ. ಸ್ಟೇಟಸ್ ಮೇಲೆ ಫಿಲ್ಟರ್ ಹಾಕಿ ಆರ್ಕೈವ್ ಸಾಲುಗಳನ್ನ ಮೊದಲು ಇಂಪೋರ್ಟ್ ಕೊಟ್ಟು, ಎಲ್ಲವನ್ನೂ ಒಟ್ಟಿಗೆ ಆರಿಸಿ ‘ಓದಿದೆ’ ಮಾಡಿ. ವಾಲಬ್ಯಾಗ್‌ನಲ್ಲಾದ್ರೆ (ನಮ್ಮದೇ ಸರ್ವರ್‌ನಲ್ಲಿ ಹಾಕ್ಕೊಳ್ಳಬಹುದಾದ ಓದು ಆ್ಯಪ್) ಇಂಪೋರ್ಟ್ ಪುಟದಲ್ಲೇ ‘ಎಲ್ಲಾ ಓದಿದ್ದು ಅಂತ ಗುರುತಿಸು’ ಅನ್ನೋ ಟಿಕ್ ಇದೆ. ಆಮೇಲೆ ಅನ್‌ರೆಡ್ ಫೈಲ್ ಕೊಡಿ. ಸ್ಟಾರ್ ಹಾಕಿದ್ದನ್ನ ಹುಡುಕ್ಬೇಡಿ, ಈ ಐದು ಕಾಲಂನಲ್ಲಿ ಅದಕ್ಕೆ ಜಾಗವೇ ಇಲ್ಲ.

ಓದದೇ_ಇಟ್ಟವಳು
ಸರಿ ನಾನೂ ಗಂಭೀರವಾಗಿ ಒಂದು ಹೇಳ್ತೀನಿ. ನಕಲು ಲಿಂಕ್ ತೆಗೀರಿ ಮೊದಲು. ಒಂದೇ ಲೇಖನ ವಾಟ್ಸ್‌ಆ್ಯಪ್‌ನಿಂದ ಒಂದ್ಸಲ, ಫೇಸ್‌ಬುಕ್‌ನಿಂದ ಒಂದ್ಸಲ, ಗೂಗಲ್‌ನಿಂದ ಒಂದ್ಸಲ ಉಳಿಸಿರ್ತೀವಿ. ವಿಳಾಸದ ಹಿಂದೆ ಯುಟಿಎಂ, ಎಫ್‌ಬಿಸಿಎಲ್‌ಐಡಿ ಅನ್ನೋ, ಎಲ್ಲಿಂದ ಬಂದ್ರಿ ಅಂತ ಗುರುತಿಡೋ ಬಾಲ ಇರೋದ್ರಿಂದ ಆ್ಯಪ್‌ಗೆ ಮೂರೂ ಬೇರೆ ಬೇರೆ. ಕನ್ನಡಕ್ಕೆ ಇನ್ನೊಂದು ತಾಪತ್ರಯ: ವಿಕಿಪೀಡಿಯದ ‘ಬೆಂಗಳೂರು’ ಪುಟದ ವಿಳಾಸ ಒಂದ್ಸಲ ಕನ್ನಡ ಅಕ್ಷರದಲ್ಲೇ ಬರುತ್ತೆ, ಇನ್ನೊಂದ್ಸಲ ಶೇಕಡಾ ಗುರುತಿನ ಕೋಡ್ ಆಗಿ ಬರುತ್ತೆ. ‘ಬೆಂಗಳೂರು’ ಪದದಲ್ಲಿ ಯೂನಿಕೋಡ್ ಲೆಕ್ಕದಲ್ಲಿ 8 ತುಣುಕು, ಒಂದೊಂದಕ್ಕೆ 9 ಅಕ್ಷರ, ಒಟ್ಟು 72 ಅಕ್ಷರದ ಗಲೀಜು. ಎರಡೂ ಒಂದೇ ಪುಟ. ಮೊದಲು ಡಿಕೋಡ್ ಮಾಡಿ, ಬಾಲ ಕತ್ತರಿಸಿ, ಕೊನೆ ಓರೆಗೆರೆ ತೆಗೆದು, ಆಮೇಲೆ ಹೋಲಿಸಿ.

ಪೀಣ್ಯ_ಪೈಥಾನ್
ಬಾಲ ಕತ್ತರಿಸುವಾಗ ಪ್ರಶ್ನಾರ್ಥಕದಿಂದ ಮುಂದಿನದನ್ನೆಲ್ಲ ಕತ್ತರಿಸ್ಬೇಡಿ ಮಾತ್ರ. ಹಳೇ ಸೈಟ್‌ಗಳಲ್ಲಿ ಲೇಖನದ ಐಡಿ ಇರೋದೇ ಪ್ರಶ್ನಾರ್ಥಕದ ನಂತರ. ಅದನ್ನೂ ಕತ್ತರಿಸಿದ್ರೆ 300 ಲೇಖನ ಒಂದೇ ಮುಖಪುಟ ಆಗುತ್ತೆ, ‘ನಕಲು ತೆಗೀತೀನಿ’ ಅಂದ ಆ್ಯಪ್ 299 ಬಿಸಾಕುತ್ತೆ. ಹೆಸರು ಹಿಡಿದು ತೆಗೀರಿ: ಯುಟಿಎಂ ಇಂದ ಶುರುವಾಗೋವು, ಎಫ್‌ಬಿಸಿಎಲ್‌ಐಡಿ, ಜಿಸಿಎಲ್‌ಐಡಿ. ಅಷ್ಟೇ.

ಎಸ್‌ಪಿ_ರೋಡ್_ಸಂಜೆ
ಇಷ್ಟು ಹೊತ್ತು ಎಲ್ಲರೂ ಶೀರ್ಷಿಕೆ, ತಾರೀಖು ಅಂತ ಕೂತಿದ್ದೀರಾ. ಲೇಖನ ಎಲ್ಲಿ ಗುರು? ಆ ಸಿಎಸ್‌ವಿಯಲ್ಲಿ ಒಂದು ಸಾಲು ಪಠ್ಯ ಇಲ್ಲ, ಬರೀ ವಿಳಾಸ. ಹೊಸ ಆ್ಯಪ್ ಪ್ರತಿ ವಿಳಾಸಕ್ಕೂ ಹೋಗಿ ಇವತ್ತಿನ ಪುಟ ತರುತ್ತೆ. ಸೈಟ್ ಮುಚ್ಚಿದ್ರೆ ಖಾಲಿ. ವಿನ್ಯಾಸ ಬದಲಿಸಿ ಹಳೇ ಲಿಂಕ್ ಎಲ್ಲಾ ಮುಖಪುಟಕ್ಕೆ ತಿರುಗಿಸಿದ್ರೆ ಲೇಖನದ ಜಾಗದಲ್ಲಿ ಮುಖಪುಟ. ಜೋಳಿಗೆ ಅವರ ‘ಖಾಲಿ ಲೇಖನ’ ಸಮಸ್ಯೆ ಇದೇ.

ಜೋಳಿಗೆ_ಜಯನಗರ
ಹಂಗಾದ್ರೆ ಹೋದದ್ದು ಹೋಯ್ತಾ?

ಎಸ್‌ಪಿ_ರೋಡ್_ಸಂಜೆ
ಎಲ್ಲಾ ಅಲ್ಲ. ಮೂರು ಥರದ ಖಾಲಿ ಇದೆ, ಬೇರೆ ಮಾಡ್ಕೊಳ್ಳಿ. ಇಂಪೋರ್ಟ್‌ಗೆ ಮುಂಚೆಯೇ ಯಾವುದಾದ್ರೂ ಲಿಂಕ್ ಚೆಕರ್‌ನಲ್ಲಿ 6,214 ವಿಳಾಸ ಓಡಿಸಿ, ಸರ್ವರ್ ಕೊಡೋ ಕೋಡ್ ಬರೆದಿಟ್ಕೊಳ್ಳಿ.

404, 410, ಇಲ್ಲಾ ಡೊಮೈನ್ ಹೆಸರೇ ಸಿಕ್ತಿಲ್ಲ ಅಂದ್ರೆ ನಿಜವಾಗಿ ಸತ್ತಿದೆ. ಇದಕ್ಕೆ ಇಂಟರ್ನೆಟ್ ಆರ್ಕೈವ್‌ನ ವೇಬ್ಯಾಕ್ ಮಷೀನ್. ಅದರ ವಿಳಾಸದಲ್ಲಿ ‘ವೆಬ್’ ಆದ ಮೇಲೆ ಓರೆಗೆರೆ ಹಾಕಿ ವರ್ಷ, ಮತ್ತೆ ಓರೆಗೆರೆ, ಆಮೇಲೆ ಹಳೇ ವಿಳಾಸ ಕೊಟ್ರೆ ಆ ಕಾಲಕ್ಕೆ ಹತ್ತಿರದ ಪ್ರತಿಗೆ ತಾನೇ ಕರ್ಕೊಂಡು ಹೋಗುತ್ತೆ. ವರ್ಷ ಎಲ್ಲಿಂದ? ಅದೇ ಟೈಮ್ ಆಡೆಡ್ ಕಾಲಂನಿಂದ. ಅದಕ್ಕೇ ಆ ಕಾಲಂ ಹಾಳಾಗ್ಬಾರ್ದು.

403 ಅಥವಾ 429 ಅಂದ್ರೆ ಸತ್ತಿಲ್ಲ, ನಿಮ್ಮನ್ನ ಬಾಗಿಲಲ್ಲೇ ತಡೆದಿದ್ದಾರೆ. 429 ಅಂದ್ರೆ ಜಾಸ್ತಿ ವೇಗವಾಗಿ ಕೇಳ್ತಿದ್ದೀರ ಅಂತ. ಒಂದೇ ಪತ್ರಿಕೆಯ 800 ಲಿಂಕ್ ಸಾಲಾಗಿದ್ರೆ ಇದು ಗ್ಯಾರಂಟಿ. ಎರಡು ಸೆಕೆಂಡಿಗೆ ಒಂದು ಅಂತ ಬಿಟ್ರೆ 6,214ಕ್ಕೆ ಮೂರೂವರೆ ಗಂಟೆ. ರಾತ್ರಿ ಬಿಟ್ಟು ಮಲಗಿ.

200 (ಪುಟ ಸಿಕ್ತು ಅನ್ನೋ ಕೋಡ್) ಬಂದೂ ಖಾಲಿ ಇದ್ರೆ ಪುಟ ಜಾವಾಸ್ಕ್ರಿಪ್ಟ್‌ನಲ್ಲಿ ಕಟ್ಟಿರೋದು, ಇಲ್ಲಾ ಚಂದಾ ಗೋಡೆ, ಇಲ್ಲಾ ಮುಖಪುಟಕ್ಕೆ ತಿರುಗಿಸಿದ್ದು. ಕೊನೇದನ್ನ ಹಿಡಿಯೋಕೆ ತಿರುಗಿದ ಮೇಲಿನ ವಿಳಾಸವನ್ನೂ ಬರೆಸಿ. ಒಂದೇ ವಿಳಾಸ ಹತ್ತಾರು ಸಲ ಬಂದ್ರೆ ಅದೇ ಮುಖಪುಟ.

ಹೆಬ್ಬಾಳದ_ಹೊಗೆ
ಗೂಗಲ್‌ನ ಗೂ.ಜಿಎಲ್ ಚುಟುಕು ಲಿಂಕ್‌ಗಳನ್ನ ಬೇರೆ ತೆಗೆದಿಡಿ. 2025ರ ಆಗಸ್ಟ್‌ನಲ್ಲಿ ಬಳಕೆಯಲ್ಲಿಲ್ಲದವನ್ನ ಗೂಗಲ್ ನಿಲ್ಲಿಸ್ತು. ಅಂಥದ್ದು ಸತ್ತಿದ್ರೆ ಶೀರ್ಷಿಕೆ ಇಟ್ಕೊಂಡು ಹುಡುಕೋದೊಂದೇ ದಾರಿ. ಇನ್ನೂ ಬದುಕಿರೋದನ್ನ ಇವತ್ತೇ ಬಿಡಿಸಿ ಪೂರ್ತಿ ವಿಳಾಸ ಬರೆದುಕೊಳ್ಳಿ.

ಒತ್ತಕ್ಷರ
ಖಾಲಿ ಅಲ್ಲದ, ಆದ್ರೆ ಓದೋಕಾಗದ ನಾಲ್ಕನೇ ಥರ ಒಂದಿದೆ, ಅದು ನಮ್ಮದೇ. ಯೂನಿಕೋಡ್ ಬರೋ ಮುಂಚಿನ ಕನ್ನಡ ಸೈಟ್‌ಗಳು ನುಡಿ, ಬರಹ ಥರದ ಆಸ್ಕಿ ಫಾಂಟ್‌ನಲ್ಲಿದ್ವು. ಪುಟದಲ್ಲಿ ಫಾಂಟ್ ಇದ್ದಾಗ ಕನ್ನಡ ಕಾಣ್ತಿತ್ತು. ಓದುವ ಆ್ಯಪ್ ಆ ಫಾಂಟ್ ಕಿತ್ತು ಹಾಕಿ ಪಠ್ಯ ಮಾತ್ರ ಇಟ್ಕೊಳ್ಳುತ್ತೆ, ಒಳಗಿದ್ದ ಇಂಗ್ಲಿಷ್ ಅಕ್ಷರಗಳ ಕಿಚಡಿ ಹೊರಗೆ ಬರುತ್ತೆ. ಇದನ್ನ ಎನ್‌ಕೋಡಿಂಗ್ ಸಮಸ್ಯೆ ಅಂದ್ಕೊಂಡು ಯುಟಿಎಫ್-8 ಹಿಂದೆ ಬೀಳ್ಬೇಡಿ. ಪಠ್ಯ ಕಾಪಿ ಮಾಡಿ ಆಸ್ಕಿಯಿಂದ ಯೂನಿಕೋಡ್‌ಗೆ ಬದಲಿಸೋ ಪರಿವರ್ತಕಕ್ಕೆ ಹಾಕಿ. ಗುರುತು ಹಿಡಿಯೋದು ಸುಲಭ: ಆಗಲೇ ಹೇಳಿದ ಪುಟಾಣಿ 2 ಪದೇ ಪದೇ ಬರ್ತಿದ್ರೆ ಯುಟಿಎಫ್-8 ತಪ್ಪಾಗಿ ಓದಿರೋದು, ಇಲ್ಲದಿದ್ರೆ ಬಹುಶಃ ಹಳೇ ಫಾಂಟ್.

ಕುಡ್ಲದ_ಕಡಲು
ಇಷ್ಟು ಕಷ್ಟ ಯಾಕೆ, ಸ್ವಂತ ಸರ್ವರ್‌ನಲ್ಲಿ ವಾಲಬ್ಯಾಗ್ ಹಾಕಿ ಕೂತ್ಕೊಳ್ಳಿ. ನಾಳೆ ಯಾರೋ ಮುಚ್ಚಿದ್ರು ಅನ್ನುವ ಹೆದರಿಕೆ ಇಲ್ಲ. ಓಮ್ನಿವೋರ್ ಅನ್ನುವ ಇಂಥದ್ದೇ ಆ್ಯಪ್ 2024ರ ನವೆಂಬರ್‌ನಲ್ಲಿ ಹೋಯ್ತು, ಪಾಕೆಟ್ 2025ರ ಜುಲೈ 8ಕ್ಕೆ ಹೋಯ್ತು. ಓಮ್ನಿವೋರ್‌ನಿಂದ ಪಾಕೆಟ್‌ಗೆ ಬಂದವರು ಎಂಟು ತಿಂಗಳಲ್ಲಿ ಮತ್ತೆ ಗಂಟು ಕಟ್ಟಿದ್ರು.

ಧಾರವಾಡ_ಪೇಡೆ
ಸ್ವಂತ ಸರ್ವರ್ ಅಂದ್ರ ನಿಮ್ಮ ಮನ್ಯಾಗ ಕರೆಂಟ್ ಹೋದ್ರ ಲೇಖನಾನೂ ಹೋತು. ಇನ್‌ಸ್ಟಾಪೇಪರ್ ಅನ್ನೂ ಓದು ಆ್ಯಪ್ 2008ರಿಂದ ಅದ, ಮೂರು ಮಾಲೀಕರ ಕೈ ದಾಟಿ ಬಂದ್ರೂ ಬದುಕೇದ. 2025ರಾಗ ಕೋಬೋ ಇ-ಬುಕ್ ರೀಡರ್‌ನ್ಯಾಗ ಪಾಕೆಟ್ ಜಾಗಕ್ಕ ಬಂದದ್ದೂ ಅದೇ. ರೊಕ್ಕ ಕೊಟ್ಟು ಆರಾಮ ಇರ್ರಿ.

ಕುಡ್ಲದ_ಕಡಲು
ರೊಕ್ಕ ತಕೊಂಡವರೂ ಮುಚ್ತಾರೆ. ಪಾಕೆಟ್‌ನಲ್ಲೂ ಪ್ರೀಮಿಯಂ ಇತ್ತು.

ಬಸವನಗುಡಿ_ಬೈಟ್
ಈ ಜಗಳಕ್ಕೆ ಬೇರೆ ಥ್ರೆಡ್ ಮಾಡ್ಕೊಳ್ಳಿ ಇಬ್ರೂ. ವಾಲಬ್ಯಾಗ್ ಹಾಕೋದಾದ್ರೆ ಎಲ್ಲಿ ಮುಗ್ಗರಿಸ್ತೀರ ಅಂತ ಹೇಳ್ತೀನಿ.

ಡಾಕರ್ ಇಮೇಜ್ (ಎಲ್ಲಾ ಸೇರಿಸಿ ಕಟ್ಟಿಕೊಟ್ಟ ತಂತ್ರಾಂಶದ ಪೊಟ್ಟಣ) ಎದ್ದ ಮೇಲೆ ಪುಟ ಬರೀ ಬಿಳಿ ಹಾಳೆ ಮೇಲೆ ಅಕ್ಷರ ಥರ ಕಂಡ್ರೆ ಡೊಮೈನ್ ನೇಮ್ ಅನ್ನೋ ಎನ್ವಿರಾನ್‌ಮೆಂಟ್ ವೇರಿಯಬಲ್ ತಪ್ಪಿದೆ. ಬ್ರೌಸರ್‌ನಲ್ಲಿ ನೀವು ಟೈಪ್ ಮಾಡೋ ವಿಳಾಸ, ಪೋರ್ಟ್ ಸಮೇತ, ಅಕ್ಷರಶಃ ಅದೇ ಇರ್ಬೇಕು. ಯೂಸರ್ ಹೆಸರು, ಪಾಸ್‌ವರ್ಡ್ ಎರಡೂ ‘ವಾಲಬ್ಯಾಗ್’ ಅಂತ ಬಂದಿರುತ್ತೆ, ಮೊದಲ ಕೆಲಸ ಅದನ್ನ ಬದಲಿಸೋದು. ಸಿಎಸ್‌ವಿ ಅಪ್‌ಲೋಡ್‌ಗೆ 413 ಎರರ್ ಬಂದ್ರೆ ಮುಂದೆ ಕೂರಿಸಿರೋ ಎಂಜಿನ್‌ಎಕ್ಸ್ ವೆಬ್ ಸರ್ವರ್ ನೋಡಿ, ಅದರ ಡಿಫಾಲ್ಟ್ ಮಿತಿ 1 ಎಂಬಿ. ಕನ್ನಡ ಶೀರ್ಷಿಕೆ, ಶೇಕಡಾ ವಿಳಾಸ ತುಂಬಿದ 6,000 ಸಾಲು ಅದನ್ನ ಸುಲಭವಾಗಿ ದಾಟುತ್ತೆ. ಮಿತಿ ಏರಿಸಿ, ಇಲ್ಲಾ ಆಗಲೇ ಹೇಳಿದ 200ರ ತುಂಡು ಕೊಡಿ. ಬ್ರೌಸರ್‌ನಿಂದ ಕೊಟ್ಟ ದೊಡ್ಡ ಇಂಪೋರ್ಟ್ ಪಿಎಚ್‌ಪಿ ಸಮಯ ಮುಗಿದು ನಡುವೆ ನಿಲ್ಲುತ್ತೆ, ಅದಕ್ಕೆ ರೆಡಿಸ್ ಅನ್ನೋದ್ರಲ್ಲಿ ಕೆಲಸಗಳನ್ನ ಸರದಿಗೆ ಹಾಕಿ ಹಿನ್ನೆಲೆಯಲ್ಲಿ ನಡೆಸಿ, ಇಲ್ಲಾ ಕಮಾಂಡ್‌ನಿಂದ ಮಾಡಿ. ಸರದಿ ಮುಖ್ಯ ಅಂದ್ರೆ ಒಂದೇ ವರ್ಕರ್ (ಕೆಲಸಗಾರ ಪ್ರಕ್ರಿಯೆ).

ಚಿತ್ರಗಳನ್ನ ಸರ್ವರ್‌ನಲ್ಲೇ ಇಳಿಸಿಡೋ ಆಯ್ಕೆ ಒಳಗಿನ ಸೆಟ್ಟಿಂಗ್‌ನಲ್ಲಿ ಇದೆ. ಅದನ್ನ ಇಂಪೋರ್ಟ್‌ಗೆ ಮುಂಚೆ ಆನ್ ಮಾಡಿ. ಆಮೇಲೆ ಮಾಡಿದ್ರೆ ಹಳೇ ಲೇಖನಕ್ಕೆ ತಾನಾಗೇ ಅನ್ವಯಿಸಲ್ಲ, ಪಠ್ಯ ಉಳಿದು ಚಿತ್ರ ಮಾತ್ರ ಮೂಲ ಸೈಟ್ ಜೊತೆ ಸಾಯುತ್ತೆ.

ಎಸ್‌ಪಿ_ರೋಡ್_ಸಂಜೆ
ಕರೆಂಟ್ ಮಾತು ಬಂತಲ್ಲ. ರಾಸ್ಪ್‌ಬೆರಿ ಪೈ ಅನ್ನೋ ಪುಟ್ಟ ಕಂಪ್ಯೂಟರ್ ಮೇಲೆ ಹಾಕೋರು ಎಸ್‌ಡಿ ಕಾರ್ಡ್ ನಂಬ್ಬೇಡಿ. ಡೇಟಾಬೇಸ್ ಬರೀತಿರುವಾಗ ಕರೆಂಟ್ ಹೋದ್ರೆ ಕಾರ್ಡ್ ಕೆಡುತ್ತೆ. ಯುಎಸ್‌ಬಿ ಎಸ್‌ಎಸ್‌ಡಿ ಹಾಕಿ. ರೂಟರ್‌ಗೆ ಅಂತ ಮಾರೋ 12 ವೋಲ್ಟ್ ಮಿನಿ ಯುಪಿಎಸ್‌ನ ಪೈಗೆ ನೇರ ಚುಚ್ಚಿದ್ರೆ ಪೈ ಸುಡುತ್ತೆ, ಅದಕ್ಕೆ ಬೇಕಿರೋದು 5 ವೋಲ್ಟ್. ಪೈ 4ಕ್ಕೆ 3 ಆಂಪಿಯರ್, ಪೈ 5ಕ್ಕೆ 5 ಆಂಪಿಯರ್ ಕೊಡೋ ಅಡಾಪ್ಟರ್ ನೋಡಿ. ನಡುವೆ 12ರಿಂದ 5ಕ್ಕೆ ಇಳಿಸೋ ಬಕ್ ಕನ್ವರ್ಟರ್ ಎಸ್‌ಪಿ ರೋಡ್‌ನಲ್ಲಿ ಸಿಗುತ್ತೆ, ಕೊಳ್ಳುವಾಗ ಆಂಪಿಯರ್ ಕೇಳಿ ತಗೊಳ್ಳಿ.

ಹೊರಗಿಂದ ತಲುಪೋದು ಇನ್ನೊಂದು ತಲೆನೋವು. ಮನೆ ಇಂಟರ್ನೆಟ್ ಸಿಜಿನ್ಯಾಟ್ (ಒಂದೇ ಹೊರ ವಿಳಾಸವನ್ನ ಹಲವು ಮನೆಗೆ ಹಂಚೋ ವ್ಯವಸ್ಥೆ) ಹಿಂದೆ ಇದ್ರೆ ರೂಟರ್‌ನಲ್ಲಿ ಎಷ್ಟು ಪೋರ್ಟ್ ತೆರೆದ್ರೂ ಪ್ರಯೋಜನ ಇಲ್ಲ. ರೂಟರ್ ಪುಟದಲ್ಲಿ ತೋರಿಸೋ ವ್ಯಾನ್ ವಿಳಾಸ 100.64ರಿಂದ 100.127ರೊಳಗೆ ಶುರುವಾದ್ರೆ ನೀವು ಅದರ ಹಿಂದೆ ಇದ್ದೀರ. ಟೇಲ್‌ಸ್ಕೇಲ್ ಅನ್ನೋ ಖಾಸಗಿ ನೆಟ್‌ವರ್ಕ್ (ವಿಪಿಎನ್) ಹಾಕಿ ಮುಗಿಸಿ.

ಓದದೇ_ಇಟ್ಟವಳು
ಮೆಟ್ರೋದಲ್ಲಿ ಓದೋಕೆ ಅಂತ ಶುರುವಾದ ಥ್ರೆಡ್ಡು ಬಕ್ ಕನ್ವರ್ಟರ್‌ಗೆ ಬಂತು.

ಹೆಬ್ಬಾಳದ_ಹೊಗೆ
ಮೆಟ್ರೋ ಅಂದ್ರಲ್ಲ, ಫೋನ್ ಆ್ಯಪ್‌ನಲ್ಲಿ ‘ವೈಫೈನಲ್ಲಿ ಮಾತ್ರ ಇಳಿಸು’ ಇದ್ರೆ ಮನೆ ಬಿಡೋ ಮುಂಚೆ ಒಂದ್ಸಲ ತೆರೆದು ಸಿಂಕ್ ಮಾಡಿ. ಆಂಡ್ರಾಯ್ಡ್‌ನ ಬ್ಯಾಟರಿ ಉಳಿತಾಯ ಹಿನ್ನೆಲೆ ಸಿಂಕನ್ನ ಕೊಲ್ಲುತ್ತೆ, ಆ ಆ್ಯಪ್‌ಗೆ ಮಾತ್ರ ‘ಅನ್‌ರಿಸ್ಟ್ರಿಕ್ಟೆಡ್’ ಕೊಡಿ. ನೇರಳೆ ಮಾರ್ಗದಲ್ಲಿ ಕಬ್ಬನ್ ಪಾರ್ಕ್‌ನಿಂದ ಮೆಜೆಸ್ಟಿಕ್ ದಾಟಿ ಸಿಟಿ ರೈಲ್ವೆ ನಿಲ್ದಾಣದ ತನಕ ಸುರಂಗ, ಅಲ್ಲಿ ಸಿಗ್ನಲ್ ನಂಬ್ಕೊಂಡು ಲೇಖನ ತೆರೆಯೋಕೆ ಹೋಗ್ಬೇಡಿ. ಮೊದಲ ಸಿಂಕ್‌ನಲ್ಲಿ 6,000ವೂ ಇಳಿಯುತ್ತೆ ಅನ್ನೋದು ಮರೀಬೇಡಿ, ಇತ್ತೀಚಿನ 200 ಅಂತ ಮಿತಿ ಹಾಕಿ.

ಒತ್ತಕ್ಷರ
ಆ್ಯಪ್ ಆರಿಸೋ ಮುಂಚೆ ಕನ್ನಡಕ್ಕೆ ಮೂರು ಪರೀಕ್ಷೆ ಮಾಡಿ, ಇವನ್ನ ಯಾವ ರಿವ್ಯೂನಲ್ಲೂ ಬರೆಯಲ್ಲ.

ಹುಡುಕಾಟ: ‘ರಾಜ್‌ಕುಮಾರ್’ ಅಂತ ಬರೆಯುವಾಗ ‘ಜ್’ ಆದ ಮೇಲೆ ಕಾಣದ ಒಂದು ಚಿಹ್ನೆ ಇರುತ್ತೆ, ಜ ಕೆಳಗೆ ಕ ಒತ್ತಾಗಿ ಬೀಳದಿರಲಿ ಅಂತ. ಲೇಖನದಲ್ಲಿ ಅದಿದ್ದು ನೀವು ಹುಡುಕುವಾಗ ಅದಿಲ್ಲದೆ ಟೈಪ್ ಮಾಡಿದ್ರೆ ಕೆಲವು ಆ್ಯಪ್ ‘ಏನೂ ಸಿಗಲಿಲ್ಲ’ ಅನ್ನುತ್ತೆ. ಎರಡೂ ಥರ ಹುಡುಕಿ ನೋಡಿ. ಇನ್ನೊಂದು, ಎಸ್‌ಕ್ಯೂಲೈಟ್ ಡೇಟಾಬೇಸ್‌ನ ಎಫ್‌ಟಿಎಸ್5 ಹುಡುಕಾಟವನ್ನ ಡಿಫಾಲ್ಟ್ ಸೆಟ್ಟಿಂಗ್‌ನಲ್ಲೇ ಬಿಟ್ಟಿರೋ ಆ್ಯಪ್‌ಗಳು. ಅದರ ಟೋಕನೈಸರ್ (ಪಠ್ಯವನ್ನ ಪದಗಳಾಗಿ ಒಡೆಯೋ ಭಾಗ) ನಮ್ಮ ಸ್ವರಚಿಹ್ನೆಗಳನ್ನ ಅಕ್ಷರ ಅಂತ ಎಣಿಸಲ್ಲ, ಪದ ಒಡೆಯೋ ಜಾಗ ಅಂತ ತಿಳ್ಕೊಳ್ಳುತ್ತೆ. ‘ಮನೆ’ ಹುಡುಕಿದ್ರೆ ‘ಮನು’ ಕೂಡ ಬರುತ್ತೆ, ಯಾಕಂದ್ರೆ ಅದಕ್ಕೆ ಎರಡೂ ಬರೀ ‘ಮನ’. ಸ್ವಂತ ಸರ್ವರ್ ಆದ್ರೆ ಟೋಕನೈಸರ್‌ನ ಅಕ್ಷರ ವರ್ಗಗಳಿಗೆ ಎಂಎನ್, ಎಂಸಿ (ಯೂನಿಕೋಡ್‌ನಲ್ಲಿ ಸ್ವರಚಿಹ್ನೆಗಳ ವರ್ಗ) ಎರಡನ್ನೂ ಸೇರಿಸಿ ಸೂಚಿ ಮತ್ತೆ ಕಟ್ಟಿಸಿ.

ಸಾಲಿನ ಅಂತರ: ‘ರಾಷ್ಟ್ರ’, ‘ಸ್ತ್ರೀ’ ಥರದ ಪದ ಇರೋ ಲೇಖನ ತೆರೆಯಿರಿ. ಲೈನ್ ಹೈಟ್ 1.2 ಇದ್ರೆ ಒತ್ತು ಕೆಳಗಿನ ಸಾಲಿನ ತಲೆಗೆ ಬಡಿಯುತ್ತೆ. 1.6ರಿಂದ 1.8 ಬೇಕು. ಅದನ್ನ ಬದಲಿಸೋಕೆ ಬಿಡದ ಆ್ಯಪ್‌ನಲ್ಲಿ ಕನ್ನಡ ಓದೋದು ಶಿಕ್ಷೆ.

ಚಿಕ್ಕ ಬರಹ: ಫೈರ್‌ಫಾಕ್ಸ್‌ನ ಓದು ನೋಟಕ್ಕೆ ಬಳಸೋ ರೀಡೆಬಿಲಿಟಿ ಕೋಡ್‌ನಲ್ಲಿ ಡಿಫಾಲ್ಟ್ ಮಿತಿ 500 ಅಕ್ಷರ. ಅದಕ್ಕಿಂತ ಕಮ್ಮಿ ಸಿಕ್ಕಿದ್ರೆ ಲೇಖನ ಸಿಕ್ಕಿಲ್ಲ ಅಂದ್ಕೊಂಡು ಜರಡಿ ಸಡಿಲ ಮಾಡಿ ಮತ್ತೆ ಹುಡುಕುತ್ತೆ. ಹಾಗಾಗಿ ನಾಲ್ಕು ಸಾಲಿನ ಹನಿಗವನದ ಜೊತೆ ಪಕ್ಕದ ಕಾಲಂನ ‘ಇದನ್ನೂ ಓದಿ’ ಪಟ್ಟಿಯೂ ಬರಬಹುದು. ವಾಲಬ್ಯಾಗ್‌ನಲ್ಲಾದ್ರೆ ಆ ಸೈಟ್‌ಗೆ ಅಂತಲೇ ಒಂದು ಪುಟ್ಟ ಸಂರಚನಾ ಫೈಲ್ ಬರೆದು, ಪಠ್ಯ ಇರೋ ಪೆಟ್ಟಿಗೆಯ ಎಕ್ಸ್‌ಪಾತ್ (ಪುಟದೊಳಗೆ ಅದರ ಜಾಗ ಹೇಳೋ ದಾರಿ) ಕೊಟ್ರೆ ಸರಿಹೋಗುತ್ತೆ.

ಧಾರವಾಡ_ಪೇಡೆ
‘ಮನೆ’ ಹುಡುಕಿದ್ರ ‘ಮನು’ 😂 ಇದನ್ನ ಯಾರರ ಮೊದಲ ಹೇಳಬೇಕಿತ್ತು.

ಪೀಣ್ಯ_ಪೈಥಾನ್
@ಜೋಳಿಗೆ_ಜಯನಗರ ಪೂರ್ತಿ ಇಂಪೋರ್ಟ್‌ಗೆ ಮುಂಚೆ 20 ಸಾಲಿನ ಪರೀಕ್ಷಾ ಫೈಲ್ ಮಾಡಿ. ಮೊದಲ 20 ಸಾಲು ಎತ್ಕೊಳ್ಬೇಡಿ, ತೊಂದರೆ ಕೊಡೋದನ್ನೇ ಆರಿಸಿ: ಕಾಮಾ ಇರೋ ಶೀರ್ಷಿಕೆ, ಪೈಪ್ ಇರೋ ಶೀರ್ಷಿಕೆ, ಒಳಗೆ ಜೋಡಿ ಉದ್ಧರಣ ಇರೋದು, ಮೂರು ಟ್ಯಾಗ್ ಇರೋದು, ಟ್ಯಾಗೇ ಇಲ್ಲದ್ದು, ಆರ್ಕೈವ್ ಆಗಿರೋದು, ಅತಿ ಹಳೇದು, ಅತಿ ಹೊಸದು, ಪಿಡಿಎಫ್ ಒಂದು, ಯೂಟ್ಯೂಬ್ ಒಂದು, ಸತ್ತ ಲಿಂಕ್ ಒಂದು, ಶೀರ್ಷಿಕೆ ಜಾಗದಲ್ಲಿ ಬರೀ ವಿಳಾಸ ಇರೋದು. ಇಂಪೋರ್ಟ್ ಆದ ತಕ್ಷಣ ಹೊಸ ಆ್ಯಪ್‌ನಿಂದಲೇ ಎಕ್ಸ್‌ಪೋರ್ಟ್ ತೆಗೆದು ಮೂಲದ ಜೊತೆ ಹೋಲಿಸಿ. ಪರದೆ ಮೇಲೆ ಚೆನ್ನಾಗಿ ಕಂಡಿದ್ದು ಹೊರಗೆ ಬರುವಾಗ ಬರಲ್ಲ ಅಂದ್ರೆ ಆ ಆ್ಯಪ್ ಬೇಡ.

ಎಸ್‌ಪಿ_ರೋಡ್_ಸಂಜೆ
ಎಕ್ಸ್‌ಪೋರ್ಟ್‌ನಲ್ಲಿ ಪಠ್ಯ ಇದ್ಯಾ ಅಂತಲೂ ನೋಡಿ. ವಾಲಬ್ಯಾಗ್‌ನ ಜೇಸನ್ ಮಾದರಿಯ ಎಕ್ಸ್‌ಪೋರ್ಟ್ ಫೈಲ್‌ನಲ್ಲಿ ಇರುತ್ತೆ. ಸಿಎಸ್‌ವಿ ಮಾತ್ರ ಕೊಡೋ ಕಡೆ ಬಹುತೇಕ ಮತ್ತೆ ವಿಳಾಸದ ಪಟ್ಟಿಯೇ. ತೀರಾ ಬೇಕಾದ ನೂರಿನ್ನೂರು ಲೇಖನ ಸಿಂಗಲ್‌ಫೈಲ್ ಅನ್ನೋ ಬ್ರೌಸರ್ ಎಕ್ಸ್‌ಟೆನ್ಶನ್‌ನಲ್ಲಿ ಒಂದೊಂದು ಎಚ್‌ಟಿಎಂಎಲ್ ಆಗಿ ಇಳಿಸಿ, ಚಿತ್ರ, ಫಾಂಟ್ ಎಲ್ಲಾ ಅದರೊಳಗೇ ಬರುತ್ತೆ. ಆಸ್ಕಿ ಫಾಂಟ್ ಪುಟಗಳಿಗೂ ಇದು ಒಳ್ಳೇದು.

ಜೋಳಿಗೆ_ಜಯನಗರ
20 ಸಾಲು ಹಾಕಿದೆ. ಮೂಲ ಜಿಪ್, ಲಿಬ್ರೆ ಆಫೀಸ್, ಟ್ಯಾಗ್ಸ್ ಕಾಲಂನಲ್ಲಿ ಮಾತ್ರ ಪೈಪ್ ಬದಲು, ಟೈಮ್‌ಗೆ 1,000 ಗುಣಾಕಾರ, ವರ್ಷದ ಟ್ಯಾಗ್. ಕನ್ನಡ ಒತ್ತು ಸಮೇತ ಬಂತು, ತಾರೀಖು ಸರಿ, ಆರ್ಕೈವ್ ಬೇರೆ ಫೈಲ್‌ನಲ್ಲಿ ಹೋಯ್ತು. 19 ಸರಿ. ಪಿಡಿಎಫ್ ಮಾತ್ರ ಖಾಲಿ. ನಕಲು ತೆಗೆದ ಮೇಲೆ ಒಟ್ಟು 5,871 ಉಳಿದಿವೆ.

ಹೆಬ್ಬಾಳದ_ಹೊಗೆ
ಪಿಡಿಎಫ್‌ಗಳನ್ನ ಓದು ಆ್ಯಪ್‌ಗೆ ಹಾಕ್ಲೇಬೇಡಿ. ವಿಳಾಸ ಪಿಡಿಎಫ್ ಅಂತ ಮುಗಿಯೋ ಸಾಲು ಫಿಲ್ಟರ್ ಮಾಡಿ, ಫೈಲ್ ಇಳಿಸಿ ಒಂದು ಫೋಲ್ಡರ್‌ಗೆ ಹಾಕಿ. ಹೆಸರಿನ ಮುಂದೆ ವರ್ಷ ಬರೀರಿ.

ಓದದೇ_ಇಟ್ಟವಳು
5,871! 343 ಲೇಖನ ಒಂದೇ ರಾತ್ರಿಯಲ್ಲಿ ‘ಓದಿ ಮುಗಿಸಿದ್ರಿ’. ಶಹಭಾಷ್.